ಯಾರ ಮನೆ ಬೇಕಿತ್ತು?

ಸೈಕಲ್ಲಿನಲ್ಲಿ ಹಳೆಯ ಗಲ್ಲಿಗಳನ್ನು ಸುತ್ತುವವರು ಯಾವ ಊರಿನಲ್ಲಿದ್ದರೂ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು: "ಯಾರ ಮನೆ ಬೇಕಿತ್ತು?" ಹೊಸ್ತಿಲಲ್ಲಿ ಕುಳಿತವರೋ, ಹಗ್ಗಕ್ಕೆ ಬಟ್ಟೆ ಹರವುತ್ತಿರುವವರೋ, ಮಹಡಿಯ ಕಿಟಕಿಯಿಂದ ಬಗ್ಗಿ ನೋಡುವವರೋ ಅದನ್ನು ಕೇಳಿಯೇ ಕೇಳುತ್ತಾರೆ. ಮುಖ್ಯರಸ್ತೆಯಲ್ಲಿ ಯಾರೂ ಯಾರನ್ನೂ ಹೀಗೆ ಕೇಳುವುದಿಲ್ಲ. ಅಲ್ಲಿ ಎಲ್ಲರೂ ಎಲ್ಲಿಂದಲೋ ಎಲ್ಲಿಗೋ ಹೋಗುವವರು. ಗಲ್ಲಿಯೊಳಗೆ ಬಂದವನ ಮನಸ್ಸಿನಲ್ಲಿ ಮಾತ್ರ ಯಾವುದೋ ಒಂದು ಬಾಗಿಲು ಇದ್ದೇ ಇರಬೇಕೆಂದು ಅಲ್ಲಿನವರು ನಂಬಿರುತ್ತಾರೆ. ನನಗೆ ಯಾರ ಮನೆಯೂ ಬೇಕಿರುವುದಿಲ್ಲ. ಸುಮ್ಮನೆ ನೋಡಲು ಬಂದೆ ಎಂದರೆ ಅದು ನಿಜವಾದ ಉತ್ತರವೇ ಆದರೂ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. ನೋಡುವುದಕ್ಕೆ ಇಲ್ಲಿ ಏನಿದೆ ಎಂಬ ಎರಡನೆಯ ಪ್ರಶ್ನೆ ಬಾಯಿಗೆ ಬರದಿದ್ದರೂ ಮುಖದಲ್ಲಿ ಕಾಣುತ್ತದೆ. ಬಹಳ ಕಾಲದಿಂದ ನನ್ನನ್ನು ಕೊರೆಯುತ್ತಿರುವುದು ಆ ಎರಡನೆಯ ಪ್ರಶ್ನೆ.

1748ರಲ್ಲಿ ಜಾಂಬಟ್ಟಿಸ್ಟಾ ನೊಲ್ಲಿ ರೋಮ್ ನಗರದ ದೊಡ್ಡದೊಂದು ನಕ್ಷೆಯನ್ನು ಹನ್ನೆರಡು ಫಲಕಗಳಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಮನೆಗಳ ಸಮೂಹವೆಲ್ಲ ಕಪ್ಪು, ಬೀದಿಗಳು ಬಿಳಿ. ಆದರೆ ಚರ್ಚುಗಳ ಒಳಾಂಗಣವನ್ನೂ ಕಂಬಸಾಲಿನ ಅಂಗಳಗಳನ್ನೂ ಅವನು ಬೀದಿಯಂತೆಯೇ ಬಿಳಿಯಾಗಿ ಬಿಟ್ಟಿದ್ದಾನೆ. ಗೋಡೆ ಎಲ್ಲಿದೆ ಎಂಬುದಕ್ಕಿಂತ ಜನ ಎಲ್ಲಿಯವರೆಗೆ ಹೋಗಬಹುದು ಎಂಬುದೇ ಆ ನಕ್ಷೆಯ ಲೆಕ್ಕ. ಈ ಲೆಕ್ಕದಲ್ಲಿ ಗಲ್ಲಿಗೆ ಯಾವ ಬಣ್ಣ ಹಚ್ಚಬೇಕೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕಾಗದದಲ್ಲಿ ಅದು ಸಾರ್ವಜನಿಕ ದಾರಿ. ಆದರೆ ಅಲ್ಲಿರುವ ಕುರ್ಚಿ, ಹೂಕುಂಡ, ಬಟ್ಟೆಯ ಹಗ್ಗ, ಬಾಗಿಲ ಮುಂದೆ ತೊಳೆದ ನೆಲ, ಇವೆಲ್ಲವೂ ಮನೆಯವು. ಅದು ಬಿಳಿಯೂ ಅಲ್ಲದ, ಕಪ್ಪೂ ಅಲ್ಲದ ಬೂದು ಜಾಗ. ಆ ಬೂದು ಜಾಗದ ಕಾವಲಿಗೆ ಗೇಟಿಲ್ಲ, ಫಲಕವಿಲ್ಲ. ಇರುವುದು ಆ ಒಂದು ಪ್ರಶ್ನೆ ಮಾತ್ರ. ಕಾರಿನಲ್ಲಿ ಬಂದವನನ್ನು ಅಳತೆಗೆ ಬಂದ ಅಧಿಕಾರಿಯೆಂದೂ, ನಡೆದು ಬಂದು ಗೋಡೆ ನೋಡುತ್ತ ನಿಂತವನನ್ನು ಅನುಮಾನಿಸಬೇಕಾದವನೆಂದೂ ಎಣಿಸುವ ಜನ ಸೈಕಲ್ಲಿನವನನ್ನು ದಾರಿ ತಪ್ಪಿದವನೆಂದು ತಿಳಿಯುತ್ತಾರೆ. ಈ ರಿಯಾಯಿತಿಯ ಬಲದಿಂದಲೇ ನಾನು ಹೆಚ್ಚಿನ ಗಲ್ಲಿಗಳನ್ನು ಹೊಕ್ಕು ಬಂದಿದ್ದೇನೆ.

ಹಿಂದಿರುಗುವ ಖರ್ಚು

ನಡೆಯುವವನು ಗಂಟೆಗೆ ಸುಮಾರು 5 ಕಿಲೋಮೀಟರ್ ಹೋಗುತ್ತಾನೆ. ಹೆಚ್ಚುಕಡಿಮೆ ಅಷ್ಟೇ ಶ್ರಮಕ್ಕೆ ಸೈಕಲ್ ಅದರ ಮೂರು ಪಟ್ಟು ದೂರ ಕೊಡುತ್ತದೆ. ಸೈಕಲ್ಲಿನ ಗುಣಗಾನ ಮಾಡುವವರೆಲ್ಲ ಈ ಲೆಕ್ಕವನ್ನು ಮುಂದಿಡುತ್ತಾರೆ. ಗಲ್ಲಿಗಳ ಮಟ್ಟಿಗೆ ನನಗೆ ಇದಕ್ಕಿಂತ ಮುಖ್ಯವೆನಿಸುವುದು ಹಿಂದಿರುಗುವ ಖರ್ಚು. ಮುಂದೆ ದಾರಿಯಿಲ್ಲದ ಗಲ್ಲಿಯ ಕೊನೆಗೆ ನಡೆದು ಹೋದವನು ಅಷ್ಟನ್ನೂ ನಡೆದೇ ವಾಪಸು ಬರಬೇಕು. ಎರಡು ಮೂರು ಕಡೆ ಹೀಗಾಯಿತೆಂದರೆ ಅವನ ಕಾಲು ತಾನಾಗಿಯೇ ಜಿಪುಣತನ ಕಲಿಯುತ್ತದೆ, ಆಮೇಲೆ ಅವನು ಅಗಲವಾದ, ಆಚೆ ಬೆಳಕು ಕಾಣುವ ದಾರಿಗಳನ್ನಷ್ಟೇ ಆರಿಸುತ್ತಾನೆ. ಕಾರಿನವನಿಗಂತೂ ಇಂಥ ಗಲ್ಲಿಯೆಂದರೆ ರಿವರ್ಸ್ ಗೇರಿನ ಸಂಕಟ. ಸೈಕಲ್ಲಿನವನು ಇಳಿದು, ಸೀಟು ಹಿಡಿದು ಹಿಂದಿನ ಚಕ್ರವನ್ನೆತ್ತಿ, ನಿಂತ ಜಾಗದಲ್ಲೇ ತಿರುಗಿಸಿ ಹೊರಟುಬಿಡುತ್ತಾನೆ. ವ್ಯರ್ಥ ದಾರಿ ಇಷ್ಟು ಅಗ್ಗವಾದ ಮೇಲೆ ಯಾವ ಸಂದಿಯನ್ನಾದರೂ ಇಣುಕಿ ನೋಡುವುದಕ್ಕೆ ಸಂಕೋಚವೇನು?

ಮೊಬೈಲಿನ ನಕ್ಷೆ ಇದಕ್ಕೆ ತದ್ವಿರುದ್ಧ. ಎರಡು ಸ್ಥಳಗಳ ನಡುವಿನ ಹತ್ತಿರದ ದಾರಿಯನ್ನು ಹುಡುಕುವುದು ಅದರ ಕೆಲಸ, ಮತ್ತು ಕೊನೆ ಮುಚ್ಚಿರುವ ಗಲ್ಲಿಯೊಂದು ಬೇರೆ ಎರಡು ಸ್ಥಳಗಳ ನಡುವಿನ ಹತ್ತಿರದ ದಾರಿಯಲ್ಲಿ ಎಂದಿಗೂ ಬರಲಾರದು. ಇದು ಆ ತಂತ್ರಾಂಶದ ದೋಷವಲ್ಲ, ಶುದ್ಧ ಗಣಿತ. ಗಲ್ಲಿಯೊಳಗಿನ ಮನೆಯೇ ನಮ್ಮ ಗುರಿಯಾಗಿದ್ದರೆ ಮಾತ್ರ ಅದು ನಮ್ಮನ್ನು ಅಲ್ಲಿಗೆ ಕಳುಹಿಸುತ್ತದೆ. ಹೀಗೆ ಒಂದು ಊರಿನಲ್ಲಿ ಇಡೀ ಬದುಕನ್ನು ಕಳೆದವರು ಕೂಡ ತಾವು ದಿನನಿತ್ಯ ಹಾದುಹೋಗುವ ಅಂಗಡಿಸಾಲಿನ ಬೆನ್ನಿಗೆ ಏನಿದೆಯೆಂದು ಒಮ್ಮೆಯೂ ನೋಡದೆ ಇದ್ದುಬಿಡಬಹುದು. ಯಾರ ಮನೆ ಬೇಕಿತ್ತು ಎಂಬ ಪ್ರಶ್ನೆಯನ್ನು ಈಗ ಆ ನಕ್ಷೆಯೂ ಮೊದಲೇ ಕೇಳುತ್ತದೆ, ಹೇಳದಿದ್ದರೆ ಒಳಗೆ ಬಿಡುವುದಿಲ್ಲ.

ಗಲ್ಲಿಯ ಅಗಲಕ್ಕೆ ಸೈಕಲ್ಲಿನ ಹ್ಯಾಂಡಲ್ ಒಂದು ಒಳ್ಳೆಯ ಅಳತೆಗೋಲು. ಸಾಮಾನ್ಯ ಹ್ಯಾಂಡಲ್ ಸುಮಾರು 60 ಸೆಂಟಿಮೀಟರ್ ಅಗಲವಿರುತ್ತದೆ. ಜರ್ಮನಿಯ ರಾಯ್ಟ್‌ಲಿಂಗನ್ ಊರಿನಲ್ಲಿ, 1726ರ ಬೆಂಕಿ ಅನಾಹುತದ ನಂತರ ಮತ್ತೆ ಕಟ್ಟಿದ ಭಾಗದಲ್ಲಿ, ತೀರಾ ಕಿರಿದಾದ ಕಡೆ 31 ಸೆಂಟಿಮೀಟರ್ ಮಾತ್ರ ಅಗಲವಿರುವ ಬೀದಿಯೊಂದಿದೆ. ಅಲ್ಲಿ ಸೈಕಲ್ ಹಾಗಿರಲಿ, ಮನುಷ್ಯನೇ ಅಡ್ಡಡ್ಡಲಾಗಿ ಸರಿಯಬೇಕು. ಬೀಜಿಂಗಿನ ಹುಟಾಂಗ್ ಗಲ್ಲಿಗಳಿಗೆ ಯುವಾನ್ ರಾಜವಂಶದ ಕಾಲದಲ್ಲಿ ಗೊತ್ತುಪಡಿಸಿದ ಅಗಲ ಆಗಿನ ಚೀನೀ ಅಳತೆಯಲ್ಲಿ ಆರು ಹೆಜ್ಜೆ, ಅಂದರೆ ಸುಮಾರು 9 ಮೀಟರ್. ಇಂದು ಅದನ್ನು ಗಲ್ಲಿಯೆನ್ನಲು ನಾಲಿಗೆ ಹಿಂಜರಿಯುತ್ತದೆ. ವೆನಿಸ್ಸಿನ ಹಳೆಯ ನಗರದಲ್ಲಂತೂ ಸೈಕಲ್ ಸವಾರಿಗೇ ನಿಷೇಧವಿದೆ. ಅಲ್ಲಿನ ಮೆಟ್ಟಿಲು ಸೇತುವೆಗಳನ್ನು ನೆನೆದರೆ ಆ ನಿಷೇಧದಿಂದ ಸೈಕಲ್ಲಿನವರು ಕಳೆದುಕೊಂಡದ್ದು ಹೆಚ್ಚೇನೂ ಇಲ್ಲ ಎನಿಸುತ್ತದೆ.

ಇನ್ನೊಂದು ಗುಣವನ್ನು ಹೇಳಲೇಬೇಕು. ನಡಿಗೆಗಿಂತ ನಿಧಾನವಾದರೆ ಸೈಕಲ್ ತಾನಾಗಿ ನಿಲ್ಲಲೊಲ್ಲದು. ಸವಾರ ಹ್ಯಾಂಡಲನ್ನು ಅತ್ತಿತ್ತ ತಿರುವುತ್ತ ಅದನ್ನು ಎತ್ತಿ ಹಿಡಿಯಬೇಕು. ಆ ಹೊತ್ತಿನಲ್ಲಿ ತಲೆಯೆತ್ತಿ ಎರಡನೆಯ ಮಹಡಿಯ ಕಮಾನನ್ನು ನೋಡಿದರೆ ಎದುರಿನ ಮೋರಿಯಲ್ಲಿರುತ್ತೇವೆ. ಆದ್ದರಿಂದ ಕಣ್ಣಿಗೆ ಏನಾದರೂ ಬಿದ್ದರೆ ಕಾಲು ಕೆಳಗಿಡಲೇಬೇಕು, ಇಳಿದ ಕೂಡಲೇ ನಾವು ವಾಹನದಿಂದ ಪಾದಚಾರಿಗಳಾಗುತ್ತೇವೆ. ಪೆಡಲ್ ತುಳಿಯುವುದನ್ನು ಬಿಟ್ಟಾಗ ಫ್ರೀವೀಲ್ ಟಿಕ್‌ಟಿಕ್ ಎನ್ನುವುದು ಬಯಲಿನಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ. ಎರಡು ಗೋಡೆಗಳ ನಡುವೆ ಹೊಕ್ಕಾಗ ಅದೇ ಸದ್ದು ಗಟ್ಟಿಯಾಗಿ ಹಿಂದಿರುಗುತ್ತದೆ, ಪಕ್ಕದಲ್ಲೊಂದು ಅಂಗಳ ತೆರೆದುಕೊಂಡರೆ ತಟ್ಟನೆ ತೆಳುವಾಗುತ್ತದೆ. ಕಾಂಪೌಂಡಿನ ಹಿಂದೆ ಅಡಗಿದ್ದ ಕೆಲವು ಅಂಗಳಗಳು ನನಗೆ ಗೊತ್ತಾದದ್ದು ಕಣ್ಣಿಗಿಂತ ಮೊದಲು ಕಿವಿಯಿಂದ.

ಇಕ್ಕಟ್ಟೇ ಕಾವಲು

ಹಳೆಯ ಕಟ್ಟಡಗಳು ಗಲ್ಲಿಗಳಲ್ಲೇ ಏಕೆ ಉಳಿದಿವೆ? ಅಲ್ಲಿನವರಿಗೆ ಹಳೆಯದರ ಮೇಲೆ ಪ್ರೀತಿ ಹೆಚ್ಚು ಎಂಬ ವಿವರಣೆಯನ್ನು ನಾನು ನಂಬುವುದಿಲ್ಲ. ಮುಖ್ಯರಸ್ತೆಗೆ ಮುಖಮಾಡಿದ ಅಡಿ ಅಡಿ ಜಾಗಕ್ಕೂ ಬಾಡಿಗೆ ಏರುತ್ತದೆ, ಏರಿದ ಬಾಡಿಗೆಗೆ ತಕ್ಕಂತೆ ಕಟ್ಟಡವೂ ಏರಬೇಕಾಗುತ್ತದೆ, ಹಾಗಾಗಿ ಅಲ್ಲಿ ಹಳೆಯದು ಉರುಳುತ್ತದೆ. ಗಲ್ಲಿಯಲ್ಲಿ ಕೆಡವುವುದೇ ಒಂದು ಕಷ್ಟ: ಲಾರಿ ಒಳಗೆ ಬರುವುದಿಲ್ಲ, ಕಾಂಕ್ರೀಟ್ ಮಿಕ್ಸರ್ ಬರುವುದಿಲ್ಲ, ಕ್ರೇನ್ ಮಾತೇ ಇಲ್ಲ, ಒಡೆದ ಇಟ್ಟಿಗೆಯನ್ನು ತಲೆಯ ಮೇಲೆ ಹೊತ್ತೇ ಹೊರಗೆ ಸಾಗಿಸಬೇಕು. ಜೊತೆಗೆ ಅನೇಕ ನಗರಗಳ ಕಟ್ಟಡ ನಿಯಮಗಳು ಎದುರಿನ ರಸ್ತೆಯ ಅಗಲವನ್ನು ನೋಡಿ ಕಟ್ಟಡದ ಎತ್ತರವನ್ನು ನಿಗದಿಮಾಡುತ್ತವೆ. ಪ್ಯಾರಿಸ್ಸಿನಲ್ಲಿ ಇಂಥ ನಿಯಮ 1783ರಷ್ಟು ಹಿಂದೆಯೇ ಬಂದಿತ್ತು. ಕಿರಿದಾದ ಗಲ್ಲಿಯಲ್ಲಿ ಇದ್ದದ್ದನ್ನು ಕೆಡವಿದರೆ ಅಷ್ಟೇ ಎತ್ತರದ, ಕೆಲವೊಮ್ಮೆ ಅದಕ್ಕಿಂತ ಚಿಕ್ಕದಾದ ಮನೆಗಷ್ಟೇ ಅನುಮತಿ ಸಿಗುವುದಾದರೆ ಕೆಡವುವ ಗೋಜಿಗೆ ಯಾರು ಹೋಗುತ್ತಾರೆ? ಇವೆಲ್ಲದರ ಮೇಲೆ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ಒಂದಿದ್ದರೆ ಕಟ್ಟಡಕ್ಕೆ ಇನ್ನೊಂದು ತಲೆಮಾರಿನ ಆಯುಸ್ಸು ಸಿಕ್ಕಿತೆಂದೇ ಲೆಕ್ಕ. ಪ್ರಾಚ್ಯವಸ್ತುಗಳನ್ನು ಕಾಯುವ ಇಲಾಖೆಗಳು ಉಳಿಸಿದ್ದಕ್ಕಿಂತ ಹೆಚ್ಚು ಸಾಮಾನ್ಯ ಮನೆಗಳನ್ನು ಪಾಲಿನ ವ್ಯಾಜ್ಯಗಳು ಉಳಿಸಿರಬಹುದೆಂಬುದು ನನ್ನ ಗುಮಾನಿ.

ಲಾರಿಯನ್ನು ಹೊರಗಿಟ್ಟ ಅದೇ ಇಕ್ಕಟ್ಟು ಸೈಕಲ್ಲನ್ನು ಒಳಗೆ ಬಿಡುತ್ತದೆ. ನಾನು ಸೈಕಲ್ಲಿನಲ್ಲಿ ಹಳೆಯ ಕಟ್ಟಡಗಳನ್ನು ಹುಡುಕಿಕೊಂಡು ಹೋಗುತ್ತಿದ್ದೇನೆಂದು ಮೊದಲು ಭಾವಿಸಿದ್ದೆ. ಸೈಕಲ್ ಹೋಗಬಲ್ಲ, ಆದರೆ ಬೇರೇನೂ ಹೋಗಲಾರದ ಕಡೆಗಳಲ್ಲೇ ಅವು ಉಳಿದಿರುತ್ತವೆ ಎಂಬುದು ಹೊಳೆದದ್ದು ಆಮೇಲೆ. ನಗರಗಳ ಬಗ್ಗೆ ಬರೆದ ಅಮೆರಿಕದ ಲೇಖಕಿ ಜೇನ್ ಜೇಕಬ್ಸ್, ಸ್ವತಃ ನ್ಯೂಯಾರ್ಕಿನಲ್ಲಿ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದವರು, 1961ರಲ್ಲಿ ಮುಂದಿಟ್ಟ ವಾದವನ್ನು ಇಲ್ಲಿ ನೆನೆಯಬಹುದು: ಹಳೆಯ ಕಟ್ಟಡಗಳ ಬಾಡಿಗೆ ಕಡಿಮೆಯಿರುತ್ತದೆ, ಇನ್ನೂ ಲಾಭ ಕಾಣದ ಹೊಸ ಕಸುಬುಗಳಿಗೆ ಆ ಅಗ್ಗದ ಬಾಡಿಗೆಯೇ ಆಸರೆ, ಆದ್ದರಿಂದ ನಗರಕ್ಕೆ ಸಾಧಾರಣ ಹಳೆಯ ಕಟ್ಟಡಗಳೂ ಬೇಕು. ಪುಸ್ತಕಕ್ಕೆ ರಟ್ಟು ಕಟ್ಟುವವರು, ಗಡಿಯಾರ ರಿಪೇರಿಯವರು, ಕೀಲಿಕೈ ಮಾಡುವವರು, ಈಗಷ್ಟೇ ಶುರುವಾದ ಸಣ್ಣ ಮುದ್ರಣಾಲಯ, ಇವರೆಲ್ಲ ಒಂದೇ ಗಲ್ಲಿಯಲ್ಲಿ ಒಬ್ಬರ ಪಕ್ಕ ಒಬ್ಬರು ಇರುವುದನ್ನು ಕಂಡಾಗೆಲ್ಲ ಅವರ ಮಾತು ಸರಿಯೆನಿಸುತ್ತದೆ.

ಗೋಡೆಯ ಮಾತು

ಬೀದಿಗೆ ಮುಖಮಾಡಿದ ಗೋಡೆ ಅಲಂಕಾರ ಮಾಡಿಕೊಂಡು ನಿಂತಿರುತ್ತದೆ. ಗಲ್ಲಿಯ ಕಡೆಗಿರುವ ಬೆನ್ನಿಗೆ ಆ ಹಂಗಿಲ್ಲ. ಗಾರೆ ಉದುರಿದ ಕಡೆ ಇಟ್ಟಿಗೆ ಜೋಡಿಸಿದ ಕ್ರಮ ಕಾಣುತ್ತದೆ. ಒಂದು ಸಾಲಿನಲ್ಲಿ ಇಟ್ಟಿಗೆಯ ಉದ್ದ ಬದಿ, ಅದರ ಮೇಲಿನ ಸಾಲಿನಲ್ಲಿ ಇಟ್ಟಿಗೆಯ ತಲೆ, ಅಂದರೆ ಗಿಡ್ಡ ಬದಿ, ಕಂಡರೆ ಇಟ್ಟಿಗೆಗಳು ಗೋಡೆಯ ಒಳಕ್ಕೆ ಅಡ್ಡಡ್ಡವಾಗಿ ಹೊಕ್ಕಿವೆ, ಅಂದರೆ ಅದು ದಪ್ಪನೆಯ ಗಟ್ಟಿ ಗೋಡೆ. ಎಲ್ಲ ಸಾಲುಗಳಲ್ಲೂ ಉದ್ದ ಬದಿ ಮಾತ್ರ ಕಂಡರೆ ಅದು ಅರ್ಧ ಇಟ್ಟಿಗೆಯ ಪದರ, ಬಹುಮಟ್ಟಿಗೆ ಇತ್ತೀಚಿನದು. ಇಟ್ಟಿಗೆಗಳ ಸಂದಿಯನ್ನು ನೋಡಿದರೆ ರಿಪೇರಿಯ ಇತಿಹಾಸವೂ ತಿಳಿಯುತ್ತದೆ. ಹಳೆಯ ಸುಣ್ಣದ ಗಾರೆ ಇಟ್ಟಿಗೆಗಿಂತ ಮೆದು. ಗೋಡೆ ಹೀರಿದ ತೇವ ಅದರ ಮೂಲಕ ಆರಿಹೋಗುತ್ತದೆ, ಗಾರೆ ಸವೆದರೆ ಮತ್ತೆ ತುಂಬಿದರಾಯಿತು. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ, ಅದರಲ್ಲೂ ಕಳೆದ ಶತಮಾನದಲ್ಲಿ, ಸಂದಿಗಳಿಗೆ ಸಿಮೆಂಟ್ ತುಂಬುವ ರೂಢಿ ಎಲ್ಲೆಡೆ ಹಬ್ಬಿತು. ಗಟ್ಟಿ ಸಿಮೆಂಟ್ ತೇವವನ್ನು ಸುಲಭವಾಗಿ ಹೊರಬಿಡುವುದಿಲ್ಲ. ಆ ತೇವವೂ ಅದರೊಳಗಿನ ಉಪ್ಪೂ ಇಟ್ಟಿಗೆಯ ಮೈಯಿಂದಲೇ ಹೊರಬರಬೇಕಾಗುತ್ತದೆ, ಮೈ ಪುಡಿಯಾಗಿ ಉದುರುತ್ತದೆ. ಕೊನೆಗೆ ಇಟ್ಟಿಗೆ ಒಳಕ್ಕೆ ಸವೆದು, ಸಿಮೆಂಟಿನ ಗೆರೆಗಳಷ್ಟೇ ಜೇನುಹುಟ್ಟಿನಂತೆ ಉಬ್ಬಿ ನಿಲ್ಲುತ್ತವೆ. ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿಯೇ ಗೋಡೆಯನ್ನು ತಿಂದದ್ದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಗೋಡೆಯ ಮೇಲೆ ಅಲ್ಲಲ್ಲಿ ಕಾಣುವ ಕಬ್ಬಿಣದ ನಕ್ಷತ್ರ, ಗುಣಾಕಾರದ ಚಿಹ್ನೆ ಇಲ್ಲವೇ ಬಿಲ್ಲೆಗಳನ್ನು ಅಲಂಕಾರವೆಂದು ತಿಳಿಯುವವರೇ ಹೆಚ್ಚು. ಹೊರಕ್ಕೆ ಉಬ್ಬುತ್ತಿರುವ ಗೋಡೆಯನ್ನು ಎದುರು ಗೋಡೆಗೋ ತೊಲೆಗೋ ಕಟ್ಟಿಹಾಕಲು ಮನೆಯೊಳಗಿನಿಂದ ಹಾಯಿಸಿದ ಕಂಬಿಯ ತುದಿಗಳು ಅವು. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಇಟ್ಟಿಗೆಯಿಂದ ಮುಚ್ಚಿದ ಕೆಲವು ಕಿಟಕಿಗಳಿಗೆ 1696ರಿಂದ 1851ರವರೆಗೆ ಅಲ್ಲಿದ್ದ ಕಿಟಕಿ ತೆರಿಗೆ ಕಾರಣ. ಮನೆಯವರು ಬೆಳಕನ್ನು ಬಿಟ್ಟು ಹಣ ಉಳಿಸಿದರು. ಮುಚ್ಚಿದ ಕಿಟಕಿಗಳೆಲ್ಲ ತೆರಿಗೆಯ ಗುರುತೆಂದು ಹೇಳಲಾಗದು, ಕೆಲವು ಮೊದಲಿನಿಂದಲೂ ಬರೀ ಸಾಲುಚಂದಕ್ಕೆ ಮಾಡಿದ ಹುಸಿ ಕಿಟಕಿಗಳು. ಹೊಸ್ತಿಲು ಗಲ್ಲಿಗಿಂತ ಕೆಳಗಿದ್ದು, ಬಾಗಿಲಿಗೆ ಎರಡು ಮೆಟ್ಟಿಲು ಇಳಿಯಬೇಕಾಗಿದ್ದರೆ ಮನೆ ಕುಸಿದಿದೆ ಎಂದು ಗಾಬರಿಯಾಗಬೇಕಿಲ್ಲ. ಹಾಸಿನ ಮೇಲೆ ಹಾಸು ಹಾಕುತ್ತ ಹೋದಂತೆ ಏರಿದ್ದು ದಾರಿ.

ನಾನು ಕಂಡ ಗೋಡೆಗಳಲ್ಲೆಲ್ಲ ಮರೆಯಲಾಗದ್ದು ಒಂದಿದೆ. ಸಾಲುಮನೆಗಳ ಮೂಲೆಯ ಮನೆಯನ್ನು ಕೆಡವಿ ನೆಲಸಮ ಮಾಡಿದ್ದರು. ಪಕ್ಕದ ಮನೆಗೂ ಅದಕ್ಕೂ ಸೇರಿದ ನಡುಗೋಡೆ ಮಾತ್ರ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ಇಲ್ಲದ ಮನೆಯ ಒಳಭಾಗವೆಲ್ಲ ಅದರ ಮೇಲೆ ಹಾಗೆಯೇ ಇತ್ತು. ಎರಡು ಮಟ್ಟಗಳಲ್ಲಿ ಜಂತೆ ಕೂರುತ್ತಿದ್ದ ಚೌಕಾಕಾರದ ಗೂಡುಗಳ ಸಾಲು. ಕೆಲವು ಗೂಡುಗಳಲ್ಲಿ ಗರಗಸದಿಂದ ಕತ್ತರಿಸಿದ ಮರದ ಮೋಟು ಇನ್ನೂ ಸಿಕ್ಕಿಕೊಂಡಿತ್ತು. ಕೆಳಗಿನ ಮೂಲೆಯಿಂದ ಮೇಲಿನ ಮೂಲೆಗೆ ಗಾರೆಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಮೂಡಿದ ಗೆರೆ, ಅದರ ಪಕ್ಕದಲ್ಲಿ ಕೈಯಿಟ್ಟು ಹತ್ತಿದವರ ಅಂಗೈ ಜಿಡ್ಡಿನಿಂದ ಕಪ್ಪಾದ ಪಟ್ಟಿ. ಮೇಲಿನ ಕೋಣೆ ನೀಲಿ, ಕೆಳಗಿನದು ಹಸಿರು. ಹಸಿರು ಎದ್ದ ಕಡೆ ಅದರಡಿಯ ಹಳದಿ. ಅಡುಗೆಮನೆಯ ಗೂಡಿನಿಂದ ಸೂರಿನವರೆಗೆ ಹೊಗೆಯ ಗುರುತು ಏರಿತ್ತು. ನಡುವೆ ಒಂದು ಕಡೆ ನೆಲದಿಂದ ಸೂರಿನವರೆಗೂ ನೇರವಾದ ಸಂದು. ಅದರ ಎರಡೂ ಬದಿಯ ಇಟ್ಟಿಗೆಗಳು ಒಂದರೊಳಗೊಂದು ಸೇರಿರಲಿಲ್ಲ. ಹಿಂಭಾಗದ ಕೋಣೆಗಳನ್ನು ಆಮೇಲೆ ಯಾರೋ, ಕೈಯಲ್ಲಿ ಸ್ವಲ್ಪ ದುಡ್ಡು ಬಂದಾಗ, ಸೇರಿಸಿದ್ದಿರಬೇಕು. ಆ ಮನೆಯಲ್ಲಿ ಹುಟ್ಟಿ ಬೆಳೆದವರಾರಿಗೂ ಅದರ ಎಲ್ಲ ಕೋಣೆಗಳನ್ನು ಒಂದೇ ನೋಟದಲ್ಲಿ ನೋಡಲು ಆಗಿರಲಿಲ್ಲ. ನೋಡುವ ಹೊತ್ತಿಗೆ ಅಲ್ಲಿ ಮನೆಯೇ ಇರಲಿಲ್ಲ. ಮುಂದೆ ಆ ದಾರಿಯಲ್ಲಿ ಹೋದಾಗ ಹೊಸ ಕಟ್ಟಡ ಮೇಲೆದ್ದು ಗೋಡೆಯನ್ನು ಮುಚ್ಚಿತ್ತು.

ಕೆಡವುವ ಮುನ್ನ ಒಂದು ಫೋಟೋ

ಗಲ್ಲಿಗಳನ್ನು ಗಂಭೀರವಾಗಿ ನೋಡಿದ ಮೊದಲ ಛಾಯಾಗ್ರಾಹಕರ ಕಥೆ ನನ್ನನ್ನು ಸದಾ ಕಸಿವಿಸಿಗೊಳಿಸುತ್ತದೆ. ಆಡಳಿತಾಧಿಕಾರಿ ಬ್ಯಾರನ್ ಓಸ್ಮಾನ್ 1853ರಿಂದ 1870ರವರೆಗೆ ಪ್ಯಾರಿಸ್ಸನ್ನು ಸೀಳಿ ಅಗಲವಾದ ರಸ್ತೆಗಳನ್ನು ಮಾಡಿಸುತ್ತಿದ್ದಾಗ, ಅಳಿಯಲಿದ್ದ ಬೀದಿಗಳನ್ನು ದಾಖಲಿಸಲು ನಗರಾಡಳಿತವೇ ಶಾರ್ಲ್ ಮಾರ್ವಿಲ್‌ನನ್ನು ನೇಮಿಸಿತು. ಅವನು ನಾನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದ. ಗ್ಲಾಸ್ಗೋದಲ್ಲಿ ಕಿಕ್ಕಿರಿದ ಗಲ್ಲಿಗಳನ್ನು ತೆರವುಗೊಳಿಸಲು 1866ರಲ್ಲಿ ಕಾಯಿದೆ ಬಂತು, ಅದರ ಬೆನ್ನಿಗೇ 1868ರಿಂದ 1871ರವರೆಗೆ ಥಾಮಸ್ ಅನ್ನಾನ್ ಅವುಗಳ ಚಿತ್ರ ತೆಗೆದ. ಲಂಡನ್ನಿನಲ್ಲಿ 1875ರಲ್ಲಿ ಇಂಥದ್ದೇ ಕೆಲಸಕ್ಕೆ ಸಂಘವೊಂದು ಹುಟ್ಟಿದ್ದು ಆಕ್ಸ್‌ಫರ್ಡ್ ಆರ್ಮ್ಸ್ ಎಂಬ ಹಳೆಯ ಛತ್ರವನ್ನು ಕೆಡವಲಿದ್ದಾರೆಂಬ ಸುದ್ದಿಯಿಂದ. ಕೆಡವುವ ಆದೇಶಕ್ಕೆ ಸಹಿ ಬಿದ್ದ ಮೇಲೆ ಗಲ್ಲಿಗೆ ಗೌರವ ಬರುತ್ತದೆ ಎಂಬುದು ಈ ಎಲ್ಲ ಉದಾಹರಣೆಗಳಿಂದ ಕಾಣುತ್ತದೆ. ಆ ಕಾಲದ ಒದ್ದೆ ಗಾಜಿನ ಫಲಕಗಳಿಗೆ ಮಬ್ಬು ಗಲ್ಲಿಯಲ್ಲಿ ಹಲವು ಸೆಕೆಂಡುಗಳ ಬೆಳಕು ಬೇಕಾಗುತ್ತಿತ್ತು; ಅಲುಗಾಡಿದವರು ಮಸುಕಾದರು, ನಡೆದುಹೋದವರು ಅಳಿಸಿಯೇ ಹೋದರು. ಗ್ಲಾಸ್ಗೋದ ಚಿತ್ರಗಳಲ್ಲಿ ಹಾಗೆ ಮಸುಕಾಗಿ ಉಳಿದವರನ್ನು ಈಗಲೂ ಕಾಣಬಹುದು. ಜನರಿಂದ ಗಿಜಿಗುಡುತ್ತಿದ್ದ ಜಾಗಗಳು ಹೀಗೆ ಎಷ್ಟೋ ಚಿತ್ರಗಳಲ್ಲಿ ಬಹುತೇಕ ಖಾಲಿಯಾಗಿ ಕಾಣುತ್ತವೆ. ಇಂದು ನಾವು ಮೊಬೈಲಿನಲ್ಲಿ ಹಳೆಯ ಬಾಗಿಲಿನ ಚಿತ್ರ ತೆಗೆಯುವಾಗ ಯಾರಾದರೂ ಅಡ್ಡಬಂದರೆ ಅವರು ದಾಟಲೆಂದು ಕಾಯುತ್ತೇವಲ್ಲ, ಯಂತ್ರದ ಆ ಮಿತಿಯನ್ನು ನಮ್ಮ ಅಭಿರುಚಿಯನ್ನಾಗಿ ಮಾಡಿಕೊಂಡಿದ್ದೇವೆ.

ಕೊಕ್ಕೆ

ಒಂದು ಗಲ್ಲಿಯ ಮಧ್ಯದಲ್ಲಿ, ಮೂರನೆಯ ಮಹಡಿಯ ಕಿಟಕಿಯ ಮೇಲೆ, ಗೋಡೆಯಿಂದ ಹೊರಚಾಚಿದ ಮರದ ದಿಮ್ಮಿಗೆ ಕಬ್ಬಿಣದ ಕೊಕ್ಕೆಯೊಂದು ನೇತಾಡುತ್ತಿತ್ತು. ಸೈಕಲ್ಲನ್ನು ಗೋಡೆಗೆ ಒರಗಿಸಿ ನೋಡುತ್ತ ನಿಂತಾಗ ಕೆಳಗಿನ ಬಾಗಿಲಿನಿಂದ ಒಬ್ಬ ವೃದ್ಧೆ ಹೊರಗೆ ಬಂದರು. ಯಾರ ಮನೆ ಬೇಕಿತ್ತೆಂದು ಅವರೂ ಕೇಳಿದರು.

"ಯಾರ ಮನೆಯೂ ಅಲ್ಲ ಅಜ್ಜಿ, ಆ ಕೊಕ್ಕೆ ನೋಡುತ್ತಿದ್ದೆ" ಎಂದೆ.

"ಅದರಲ್ಲೇನಿದೆ ನೋಡುವುದಕ್ಕೆ? ನನ್ನ ಬೀರು ಮೇಲೆ ಹೋಗಿದ್ದೇ ಅದರಿಂದ."

ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಮಂಚ, ಬೀರು, ಹೊಲಿಗೆ ಯಂತ್ರ ಎಲ್ಲವನ್ನೂ ಹಗ್ಗ ಕಟ್ಟಿ ಹೊರಗಿನಿಂದಲೇ ಎಳೆದು, ಕಿಟಕಿಯ ಚೌಕಟ್ಟನ್ನು ಬಿಚ್ಚಿ ಒಳಗೆ ತೆಗೆದುಕೊಂಡದ್ದಂತೆ. ಆಮ್‌ಸ್ಟರ್‌ಡ್ಯಾಮಿನ ಕಾಲುವೆ ಮನೆಗಳ ನೆತ್ತಿಯಲ್ಲಿ ಇದೇ ಕೆಲಸಕ್ಕಾಗಿ ಇಂಥ ತೊಲೆ ಕೊಕ್ಕೆಗಳಿರುವುದು ನನಗೆ ಗೊತ್ತಿತ್ತು, ಹೇಳಿದೆ. ಅವರಿಗೆ ಅದು ಅಷ್ಟೇನೂ ಸ್ವಾರಸ್ಯವೆನಿಸಲಿಲ್ಲ. ತಮ್ಮ ಯಜಮಾನರಿಗೆ ಎದೆನೋವು ಬಂದ ರಾತ್ರಿ ಆಂಬುಲೆನ್ಸ್ ಗಲ್ಲಿಯ ಬಾಯಲ್ಲೇ ನಿಂತದ್ದನ್ನೂ, ಸ್ಟ್ರೆಚರ್ ಮೆಟ್ಟಿಲಿನಲ್ಲಿ ತಿರುಗದೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಇಳಿಸಿದ್ದನ್ನೂ ಹೇಳಿದರು. ಆಮೇಲೆ, ಸಿಟ್ಟೇನೂ ಇಲ್ಲದೆ, "ನಿಮಗೆ ಈ ಗೋಡೆ ಚಂದ ಕಾಣುತ್ತದೆ, ಕಾಣಲಿ. ನಾಳೆ ಗಲ್ಲಿ ಅಗಲ ಮಾಡುತ್ತೇವೆಂದು ಯಾರಾದರೂ ಕಾಗದ ತಂದರೆ ಮೊದಲ ಸಹಿ ನನ್ನದೇ" ಎಂದರು.

ಇಕ್ಕಟ್ಟೇ ಕಾವಲು ಎಂಬ ನನ್ನ ವಾದ ಇದರಿಂದ ಸುಳ್ಳಾಗುವುದಿಲ್ಲ. ಆದರೆ ಆ ಕಾವಲಿನ ಸಂಬಳವನ್ನು ಕೊಡುತ್ತಿರುವವರು ಯಾರೆಂಬುದು ಅಲ್ಲಿ ಗೊತ್ತಾಯಿತು. ಸೈಕಲ್ಲಿನವನು ಅರ್ಧ ಗಂಟೆ ನೋಡಿ ಹೊರಡುತ್ತಾನೆ, ಸೋರುವ ಸೂರಿನಡಿ ಮಳೆಗಾಲ ಕಳೆಯುವವರು ಅವರು. ಹಾಗೆಂದು ಗಲ್ಲಿಯನ್ನು ಅಗಲಗೊಳಿಸುವುದೊಂದೇ ಉಪಾಯ ಎಂದು ನಾನು ಒಪ್ಪುವುದಿಲ್ಲ. ಅಗಲವಾದ ಮರುದಿನವೇ ಬಾಡಿಗೆ ಏರುತ್ತದೆ, ಸಹಿ ಹಾಕಿದ ಅಜ್ಜಿಯೇ ಅಲ್ಲಿ ಉಳಿಯುವುದು ಕಷ್ಟವಾಗುತ್ತದೆ. ಅಗಲೀಕರಣಕ್ಕೂ ಹೀಗೇ ಬಿಟ್ಟುಬಿಡುವುದಕ್ಕೂ ನಡುವೆ ಮಾಡಬಹುದಾದ ಸಣ್ಣ ಕೆಲಸಗಳು ಹಲವಿವೆ: ಗಲ್ಲಿಯೊಳಕ್ಕೆ ಬೆಂಕಿ ನಂದಿಸುವ ನೀರಿನ ಕೊಳವೆ, ಕೆಲವು ನಗರಗಳಲ್ಲಿ ಈಗಾಗಲೇ ಇರುವಂಥ ಅಗ್ನಿಶಾಮಕ ಮೋಟಾರ್‌ಸೈಕಲ್, ಮೆಟ್ಟಿಲಿನಲ್ಲಿ ತಿರುಗುವ ಮಡಚು ಕುರ್ಚಿಯ ಸ್ಟ್ರೆಚರ್, ಸುಣ್ಣದ ಗಾರೆಯಲ್ಲಿ ಕೆಲಸ ಬಲ್ಲ ಮೇಸ್ತ್ರಿಗಳಿಗೆ ಕೂಲಿ ಕೊಡಲು ಮನೆಯವರಿಗೆ ಸಣ್ಣ ಸಾಲ. ಇವುಗಳಲ್ಲಿ ಯಾವುದಕ್ಕೂ ಉದ್ಘಾಟನೆಯ ಫಲಕ ಹಾಕಲಾಗದು, ಬಹುಶಃ ಅದಕ್ಕೇ ಇವು ನಡೆಯುವುದು ನಿಧಾನ.

ನಾನು ಗಲ್ಲಿಗಳಿಗೆ ಹೋಗುವಾಗ ಒಯ್ಯುವ ಟಿಪ್ಪಣಿ ಪುಸ್ತಕದಲ್ಲಿ ಹಿಂದೆ ಇಟ್ಟಿಗೆಯ ಸಾಲು, ಕಮಾನು, ಬಾಗಿಲ ಕೆತ್ತನೆಗಳಷ್ಟೇ ಇರುತ್ತಿದ್ದವು. ಈಗ ಅದೇ ಪುಟದಲ್ಲಿ ಇನ್ನೂ ಕೆಲವನ್ನು ಬರೆದುಕೊಳ್ಳುತ್ತೇನೆ: ವಾಹನ ಎಲ್ಲಿಯವರೆಗೆ ಬರಬಲ್ಲದು, ನೀರಿನ ನಲ್ಲಿ ಎಷ್ಟು ದೂರ, ಯಾವ ಮನೆಯ ಮೆಟ್ಟಿಲಿಗೆ ಕೈಹಿಡಿ ಇಲ್ಲ, ಎಲ್ಲಿ ಸುಣ್ಣದ ಗೋಡೆಗೆ ಹೊಸದಾಗಿ ಸಿಮೆಂಟ್ ಬಳಿಯುತ್ತಿದ್ದಾರೆ. ಆ ಕೊನೆಯದನ್ನು ಕಂಡರೆ ಸೈಕಲ್ ನಿಲ್ಲಿಸಿ ಮನೆಯವರೊಡನೆ ಮಾತಿಗಿಳಿಯುತ್ತೇನೆ. ಹೆಚ್ಚಿನವರು ಕೇಳಿಸಿಕೊಳ್ಳುತ್ತಾರೆ, ಕೆಲವರು ಸುಣ್ಣದ ಮೇಸ್ತ್ರಿ ಎಲ್ಲಿ ಸಿಗುತ್ತಾರೆಂದು ವಿಚಾರಿಸುತ್ತಾರೆ, ಇನ್ನು ಕೆಲವರು ನನ್ನನ್ನು ಸಿಮೆಂಟ್ ಅಂಗಡಿಯವರ ಎದುರಾಳಿಯೆಂದು ತಿಳಿದು ಬಾಗಿಲು ಹಾಕಿಕೊಳ್ಳುತ್ತಾರೆ.